ಬೆಳ್ತಂಗಡಿ ತಾಲ್ಲೂಕಿನಲ್ಲಿ ಸೌರ ವಿದ್ಯುತ್ ಮತ್ತು ಬ್ಯಾಟರಿ ಸಂಗ್ರಹಣೆ

ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕು ಪಶ್ಚಿಮ ಘಟ್ಟದ ತಪ್ಪಲಿನಲ್ಲಿದ್ದು, ಇದರ ಪೂರ್ವ ಭಾಗದ ಕೆಲವು ಗ್ರಾಮಗಳು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಅಥವಾ ಅದರ ಅಂಚಿನಲ್ಲಿ ಬರುತ್ತವೆ. ಕುತ್ಲೂರು, ಸವಣಾಲು, ಶಿರ್ಲಾಲು ಮುಂತಾದ ಕಡೆ ಮಲೆಕುಡಿಯ ಸಮುದಾಯದವರು ತಲೆಮಾರುಗಳಿಂದ ವಾಸಿಸುತ್ತಿದ್ದಾರೆ. ಇಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟ, ತೊರೆ, ಗುಡ್ಡಗಳಿರುತ್ತವೆ. 1987ರಲ್ಲಿ ಉದ್ಯಾನದ ಘೋಷಣೆಯಾದ ನಂತರ ಕಾಡಿನೊಳಗೆ ಕಂಬ ನೆಟ್ಟು ತಂತಿ ಎಳೆಯಲು ಅರಣ್ಯ ಮತ್ತು ವನ್ಯಜೀವಿ ಕಾನೂನುಗಳಡಿ ಪೂರ್ವಾನುಮತಿ ಅವಶ್ಯಕವಾಯಿತು. ಅನುಮತಿ ದೊರೆತ ಕಡೆಯೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾಗುವುದು ಸಾಮಾನ್ಯ. ಈ ಕಾರಣಗಳಿಂದ ಸೌರ ಫಲಕ ಹಾಗೂ ಬ್ಯಾಟರಿಯನ್ನು ಒಳಗೊಂಡ ಮನೆ ದೀಪ ವ್ಯವಸ್ಥೆಯು ಇಲ್ಲಿನ ಒಂಟಿ ಮನೆಗಳಿಗೆ ವಿದ್ಯುತ್ತಿನ ಮುಖ್ಯ ಆಧಾರವಾಗಿ ಬೆಳೆದುಬಂದಿತು.

ಸೌರ ಉದ್ಯಾನ ಏಕಿಲ್ಲ?

ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ಸ್ಥಾಪಿಸಲಾಗಿದ್ದು, 2018ರಲ್ಲಿ ಅದರ ಉದ್ಘಾಟನೆ ನೆರವೇರಿತು. ಬೆಳ್ತಂಗಡಿಯಲ್ಲಿ ಅಂತಹ ಸಮತಟ್ಟಾದ ಒಣಭೂಮಿ ಇರುವುದಿಲ್ಲ. ಇರುವುದು ಅಡಿಕೆ, ತೆಂಗು, ರಬ್ಬರ್ ತೋಟ, ಗದ್ದೆ ಮತ್ತು ಕಾಡು. ಇದಲ್ಲದೆ ಪಾವಗಡದ ವಿದ್ಯುತ್ ಗ್ರಿಡ್‌ಗೆ ಸೇರುತ್ತದೆ. ಗ್ರಿಡ್ ತಲುಪದ ಮನೆಗೆ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ಇಲ್ಲಿ ಒಂದೊಂದು ಅಂಗಳವೂ ತನ್ನದೇ ಪುಟ್ಟ ವಿದ್ಯುದಾಗಾರವನ್ನು ಹೊಂದಬೇಕಾಯಿತು.

ಸಾಲದ ವ್ಯವಸ್ಥೆ

ಸೌರ ದೀಪಗಳ ತಂತ್ರಜ್ಞಾನ ಹಳೆಯದು. ಬಡ ಕುಟುಂಬಗಳಿಗೆ ತೊಡಕಾಗಿದ್ದುದು ಒಂದೇ ಬಾರಿಗೆ ಪೂರ್ತಿ ಬೆಲೆ ತೆರಬೇಕಾದ ಸ್ಥಿತಿ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಅವರು ಆರಂಭಿಸಿದ ಸೆಲ್ಕೋ ಸಂಸ್ಥೆಯು ಗ್ರಾಮೀಣ ಬ್ಯಾಂಕುಗಳು ಸೌರ ದೀಪಕ್ಕೆ ಸಾಲ ನೀಡುವಂತೆ ಮನವೊಲಿಸಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳು (ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿದೆ) ಕಡಿಮೆ ಬಡ್ಡಿಯ ಸೌರ ಸಾಲ ಯೋಜನೆಯನ್ನು ಕೈಗೊಂಡವು. ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಲಭಿಸಿತು.

ಬೆಳ್ತಂಗಡಿಯಲ್ಲಿ ಈ ಸಾಲವು ಬ್ಯಾಂಕ್ ಶಾಖೆಗಿಂತ ಹೆಚ್ಚಾಗಿ ಸ್ವಸಹಾಯ ಸಂಘಗಳ ಮೂಲಕ ಮನೆ ತಲುಪಿತು ಎಂಬುದು ಗಮನಾರ್ಹ. 1982ರಲ್ಲಿ ಈ ತಾಲ್ಲೂಕಿನಲ್ಲಿಯೇ ಪ್ರಾರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು ಪ್ರಗತಿಬಂಧು ಮತ್ತು ಸ್ವಸಹಾಯ ಗುಂಪುಗಳ ಮುಖಾಂತರ ಸೌರ ದೀಪ, ಜೈವಿಕ ಅನಿಲ ಮುಂತಾದವುಗಳಿಗೆ ಸಾಲ ಒದಗಿಸಿದ್ದು, ಇದಕ್ಕಾಗಿ 2012ರಲ್ಲಿ ಆಶ್ಡೆನ್ ಪ್ರಶಸ್ತಿ ಪಡೆದಿದೆ. ಕಂತನ್ನು ವಾರ ವಾರ ಕಟ್ಟುವ ಪದ್ಧತಿಯು ಕೂಲಿ ಮತ್ತು ಬೀಡಿ ಮಜೂರಿಯನ್ನು ಅವಲಂಬಿಸಿದ ಮನೆಗಳಿಗೆ ಹೊಂದಿಕೆಯಾಯಿತು. ಬೀಡಿ ಕಟ್ಟುವುದು, ಅಡಿಕೆ ಸುಲಿಯುವುದು ರಾತ್ರಿಯೂ ನಡೆಯುವ ಕೆಲಸಗಳಾಗಿರುವುದರಿಂದ, ದೀಪವು ದುಡಿಮೆಯ ಉಪಕರಣವೂ ಆಗಿತ್ತು.

ಕೇಂದ್ರ ಸರ್ಕಾರದ ಸೌಭಾಗ್ಯ ಯೋಜನೆಯಡಿ (2017) ತಂತಿ ಎಳೆಯಲಾಗದ ದೂರದ ಮನೆಗಳಿಗೆ 200ರಿಂದ 300 ವ್ಯಾಟ್ ಸಾಮರ್ಥ್ಯದ ಸೌರ ಫಲಕ, ಬ್ಯಾಟರಿ, 5 ಎಲ್‌ಇಡಿ ದೀಪ ಹಾಗೂ ಒಂದು ಫ್ಯಾನ್ ನೀಡಲು, 5 ವರ್ಷಗಳ ದುರಸ್ತಿ ಸಹಿತ ಅವಕಾಶ ಕಲ್ಪಿಸಲಾಗಿತ್ತು.

ಬ್ಯಾಟರಿಯ ಲೆಕ್ಕ

ಫಲಕವು ಸುಮಾರು 25 ವರ್ಷ ಬಾಳುತ್ತದೆ. ಸೀಸ-ಆಮ್ಲದ ಟ್ಯೂಬುಲರ್ ಬ್ಯಾಟರಿಯ ಬಾಳಿಕೆ ಸಾಮಾನ್ಯವಾಗಿ 4ರಿಂದ 6 ವರ್ಷ. ಇಡೀ ವ್ಯವಸ್ಥೆಯ ಹಣಕಾಸಿನ ತೊಂದರೆ ಇರುವುದು ಈ ವ್ಯತ್ಯಾಸದಲ್ಲಿಯೇ. ಸಾಲ ತೀರಿದ ಬಳಿಕ ಕುಟುಂಬವು ದೀಪ ಉಚಿತವಾಯಿತೆಂದು ಭಾವಿಸುತ್ತದೆ. ಸ್ವಲ್ಪ ಕಾಲದಲ್ಲಿಯೇ ಹೊಸ ಬ್ಯಾಟರಿಗೆ ಒಟ್ಟಿಗೆ ಹಣ ಹೊಂದಿಸಬೇಕಾಗುತ್ತದೆ. ಹೊಂದಿಸಲಾಗದಿದ್ದರೆ ಮಾಡಿನ ಮೇಲೆ ಒಳ್ಳೆಯ ಫಲಕವಿದ್ದೂ ಕೆಳಗೆ ಕತ್ತಲೆ. ಪಡಿತರ ಸೀಮೆಎಣ್ಣೆಯ ಹಂಚಿಕೆ ಕಡಿತಗೊಂಡಿರುವುದರಿಂದ ಚಿಮಿಣಿ ದೀಪಕ್ಕೆ ಮರಳುವುದೂ ಸುಲಭವಲ್ಲ. ಸಾಲದ ಕಂತು ಮುಗಿದ ಮರುವಾರದಿಂದಲೇ ಬ್ಯಾಟರಿಗೆಂದು ಸಣ್ಣ ಮೊತ್ತವನ್ನು ಸಂಘದಲ್ಲಿ ಉಳಿತಾಯ ಮಾಡುವುದು ಸೂಕ್ತ.

ಉದಾಹರಣೆಗೆ, 40 ವ್ಯಾಟ್ ಫಲಕ ಮತ್ತು 12 ವೋಲ್ಟ್, 40 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಪರಿಗಣಿಸಬಹುದು. ಬ್ಯಾಟರಿಯಲ್ಲಿ 480 ವ್ಯಾಟ್-ಗಂಟೆ ಹಿಡಿಸುತ್ತದೆಯಾದರೂ ಅರ್ಧವನ್ನು, ಅಂದರೆ 240ನ್ನು ಮಾತ್ರ ಬಳಸತಕ್ಕದ್ದು. 5 ವ್ಯಾಟಿನ 4 ದೀಪಗಳು ರಾತ್ರಿ 4 ಗಂಟೆ ಉರಿದರೆ 80 ವ್ಯಾಟ್-ಗಂಟೆ ಖರ್ಚು. ಬಿಸಿಲೇ ಇಲ್ಲದಿದ್ದರೂ 3 ರಾತ್ರಿ ಸಾಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 160ಕ್ಕೂ ಹೆಚ್ಚು ಜಮೆಯಾಗುವುದರಿಂದ ಚಿಂತೆಯಿಲ್ಲ. ಆಟಿ ತಿಂಗಳ ಎಡೆಬಿಡದ ಮಳೆಯಲ್ಲಿ ಜಮೆ 60ಕ್ಕೆ ಇಳಿದರೆ ದಿನಕ್ಕೆ 20ರಂತೆ ಕೊರತೆ ಬಿದ್ದು, 12 ದಿನಗಳಲ್ಲಿ ಬಳಸಬಹುದಾದ ಸಂಗ್ರಹ ಮುಗಿಯುತ್ತದೆ. ಒಂದು ದೀಪ ಆರಿಸಿದರೆ ಖರ್ಚು 60ಕ್ಕೆ ಇಳಿದು ಜಮಾಖರ್ಚು ಸರಿಹೋಗುತ್ತದೆ.

ಸಂಗ್ರಹ ಇಳಿದಾಗ ಚಾರ್ಜ್ ಕಂಟ್ರೋಲರ್ ತಾನಾಗಿಯೇ ದೀಪವನ್ನು ಕಡಿತಗೊಳಿಸುತ್ತದೆ. ಪರೀಕ್ಷೆಯ ದಿನಗಳಲ್ಲಿ ಅಥವಾ ಮನೆಯಲ್ಲಿ ಕಾಯಿಲೆಯವರಿದ್ದಾಗ ಕಂಟ್ರೋಲರನ್ನು ಬಿಟ್ಟು ಬ್ಯಾಟರಿಗೆ ನೇರವಾಗಿ ತಂತಿ ಜೋಡಿಸುವುದುಂಟು. ಅಗತ್ಯ ಅರ್ಥವಾಗುವಂತಹದ್ದೇ, ಆದರೆ ಹಾಗೆ ಪದೇ ಪದೇ ಬರಿದಾದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕಟ್ಟಿಕೊಂಡು, ಅದು ಮತ್ತೆ ಪೂರ್ತಿ ತುಂಬಿಕೊಳ್ಳುವುದಿಲ್ಲ.

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕತಕ್ಕದ್ದು. ಬಾವಿಯ ನೀರು ಕುಡಿಯಲು ಎಷ್ಟೇ ಸಿಹಿಯಾಗಿದ್ದರೂ ಅದರಲ್ಲಿನ ಕಬ್ಬಿಣ ಹಾಗೂ ಲವಣಗಳು ಬ್ಯಾಟರಿಯನ್ನು ಕೆಡಿಸುತ್ತವೆ. ಕರಾವಳಿಯ ತೇವಾಂಶಕ್ಕೆ ಟರ್ಮಿನಲ್‌ಗಳಲ್ಲಿ ಕಿಲುಬು ಹಿಡಿಯುವುದರಿಂದ ಒರೆಸಿ ವ್ಯಾಸಲೀನ್ ಸವರಬೇಕು. ಅಡಿಕೆ ಮರಗಳು ವರ್ಷ ವರ್ಷ ಎತ್ತರವಾಗುತ್ತವೆಂಬುದನ್ನು ಫಲಕ ನಿಲ್ಲಿಸುವಾಗ ಮರೆಯಬಾರದು; ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪಾದನೆ ಬಹಳ ಕುಸಿಯುತ್ತದೆ. ಇತ್ತೀಚಿನ ಲಿಥಿಯಂ ಬ್ಯಾಟರಿಗಳಿಗೆ ನೀರು ಬೇಕಿಲ್ಲ, ಶೇ. 80ರಷ್ಟು ಬಳಸಬಹುದು. ಆದರೆ ಸೀಸ-ಆಮ್ಲ ಬ್ಯಾಟರಿಗೆಂದೇ ಇರುವ ಹಳೆಯ ಕಂಟ್ರೋಲರಿಗೆ ಇವನ್ನು ಜೋಡಿಸಬಾರದು.

ಮಳೆಗಾಲದ ಕೊರತೆಯನ್ನು ತುಂಬಲು ಘಟ್ಟದ ತೊರೆಗಳ ಮೇಲೆ ಪಿಕೋ ಜಲವಿದ್ಯುತ್ ಘಟಕಗಳನ್ನು ಅಳವಡಿಸಿಕೊಳ್ಳಬಹುದು. ಬಿಸಿಲು ಕಡಿಮೆಯಾಗುವ ತಿಂಗಳುಗಳಲ್ಲಿಯೇ ತೊರೆ ತುಂಬಿ ಹರಿಯುತ್ತದೆ.

ಗ್ರಿಡ್ ಸಂಪರ್ಕವಿರುವ ಮನೆಗಳಿಗೆ 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಗರಿಷ್ಠ 78,000 ರೂ. ಸಹಾಯಧನವನ್ನು ನಿಗದಿಪಡಿಸಲಾಗಿದೆ. ಬ್ಯಾಟರಿ ಇಲ್ಲದ ಇಂತಹ ಘಟಕವು ಲೈನ್ ಹೋದೊಡನೆ ಲೈನ್‌ಮನ್‌ಗಳ ಸುರಕ್ಷತೆಗಾಗಿ ತಾನೂ ನಿಂತುಬಿಡುತ್ತದೆ. ಗಾಳಿ-ಮಳೆಗೆ ಪದೇ ಪದೇ ವಿದ್ಯುತ್ ಕಡಿತವಾಗುವ ಗ್ರಾಮಗಳ ಗ್ರಾಹಕರು ಇದನ್ನು ಅರಿತು, ಬ್ಯಾಟರಿ ಬೇಕೇ ಎಂಬುದನ್ನು ಖರೀದಿಗೆ ಮುನ್ನವೇ ತೀರ್ಮಾನಿಸಬೇಕು.

ಬಳಸಿ ಮುಗಿದ ಬ್ಯಾಟರಿಯನ್ನು ಗುಜರಿಗೆ ಹಾಕುವುದಾಗಲಿ, ಅದರ ಆಮ್ಲವನ್ನು ತೋಟಕ್ಕೆ ಅಥವಾ ತೋಡಿಗೆ ಚೆಲ್ಲುವುದಾಗಲಿ ಮಾಡಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆ ಉತ್ಪಾದಕರ ಹೊಣೆಯಾಗಿರುತ್ತದೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಮಾರಾಟಗಾರರಿಗೆ ಹಿಂದಿರುಗಿಸಿದಲ್ಲಿ ಅದರಲ್ಲಿರುವ ಸೀಸದ ಮೌಲ್ಯವನ್ನು ಸಾಮಾನ್ಯವಾಗಿ ಹೊಸ ಬ್ಯಾಟರಿಯ ಬೆಲೆಯಲ್ಲಿ ಕಳೆಯಲಾಗುತ್ತದೆ.