ನಿದ್ರಾಶಾಸ್ತ್ರವೂ ದೇಶದೇಶಗಳ ಸಹಕಾರವೂ

ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ನಮ್ಮ ಪ್ರಾಚೀನರು ಜಾಗ್ರತ್, ಸ್ವಪ್ನ, ಸುಷುಪ್ತಿ ಎಂದು ಅವಸ್ಥೆಗಳನ್ನು ವಿಭಾಗಿಸಿ ಅವುಗಳ ತತ್ತ್ವವನ್ನು ವಿಚಾರಿಸಿದರು. ಆದರೆ ಮಲಗಿದವನ ಮಿದುಳಿನಲ್ಲಿಯೂ ಉಸಿರಿನಲ್ಲಿಯೂ ಏನು ನಡೆಯುತ್ತದೆಂಬುದನ್ನು ಅಳೆದು ತಿಳಿಯುವ ಶಾಸ್ತ್ರವು ಬೆಳೆದುದು ಇಪ್ಪತ್ತನೆಯ ಶತಮಾನದಲ್ಲಿ. ಅದು ಯಾವ ಒಂದು ದೇಶದ ಸ್ವತ್ತೂ ಅಲ್ಲ. ಒಂದು ಊರಿನಲ್ಲಿ ಕಂಡ ಸತ್ಯವು ಇನ್ನೊಂದು ಊರಿಗೆ ತಲಪಿದಾಗಲೆಲ್ಲ ಅದು ಮುಂದೆ ಸಾಗಿದೆ. ತಲಪದೆ ಹೋದಾಗ ನಿಂತಿದೆ. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಈ ಚರಿತ್ರೆಯು ವಿಚಾರಾರ್ಹವಾದುದು.

ಮೊದಲು ಕೂಡದೆ ಹೋದ ಒಂದು ಸಂದರ್ಭವನ್ನು ನೋಡೋಣ. 1909ರಲ್ಲಿ ಜಪಾನಿನ ಇಷಿಮೋರಿ ಎಂಬ ವಿದ್ವಾಂಸರು ಬಹುಹೊತ್ತು ನಿದ್ದೆಗೆಡಿಸಿದ ನಾಯಿಗಳ ಮಿದುಳಿನಿಂದ ಸಾರವನ್ನು ತೆಗೆದು ಬೇರೆ ನಾಯಿಗಳಿಗೆ ಕೊಟ್ಟಾಗ ಅವಕ್ಕೆ ನಿದ್ದೆ ಬಂದುದನ್ನು ಪ್ರಕಟಿಸಿದರು. ಎಚ್ಚರದಲ್ಲಿರುವಾಗ ದೇಹದಲ್ಲಿ ಯಾವುದೋ ನಿದ್ರಾಕಾರಕ ದ್ರವ್ಯ ಸಂಗ್ರಹವಾಗುತ್ತದೆಂಬುದು ಇದರ ಅರ್ಥ. ಅದೇ ವರ್ಷಗಳಲ್ಲಿ ಪ್ಯಾರಿಸಿನಲ್ಲಿ ಪಿಯೆರಾನ್ ಮತ್ತು ಲೆಜಾಂಡ್ರ್ ಎಂಬವರು ಇಂಥವೇ ಪ್ರಯೋಗಗಳಿಂದ ಇದೇ ನಿರ್ಣಯಕ್ಕೆ ಬಂದರು. ಪಿಯೆರಾನರ ಗ್ರಂಥವು 1913ರಲ್ಲಿ ಹೊರಬಂದಿತು. ಇವರಿಗೆ ಅವರ ಸುದ್ದಿಯಿಲ್ಲ, ಅವರಿಗೆ ಇವರ ಸುದ್ದಿಯಿಲ್ಲ. ಇಷಿಮೋರಿಯವರ ಲೇಖನವು ಜಪಾನೀ ಭಾಷೆಯಲ್ಲಿದ್ದುದರಿಂದ ಪಾಶ್ಚಾತ್ಯರು ಅದನ್ನು ಬಹುಕಾಲ ಅರಿಯಲಿಲ್ಲ. ಸತ್ಯವೊಂದೇ ಆದರೂ ಅದನ್ನು ಎರಡು ಸಲ ಕಂಡುಹಿಡಿಯಬೇಕಾಯಿತು.

ಎರಡನೆಯ ಉದಾಹರಣೆ ಜರ್ಮನಿಯದು. ಯೇನಾ ನಗರದ ವೈದ್ಯ ಹಾನ್ಸ್ ಬರ್ಗರರು ಮನುಷ್ಯನ ಮಿದುಳಿನ ವಿದ್ಯುತ್ ತರಂಗಗಳನ್ನು ತಲೆಯ ಮೇಲಿನಿಂದಲೇ ದಾಖಲೆ ಮಾಡಿ 1929ರಲ್ಲಿ ಪ್ರಕಟಿಸಿದಾಗ ನಂಬಿದವರು ವಿರಳ. 1934ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ಪರೀಕ್ಷಿಸಿ ದೃಢಪಡಿಸಿದ ಮೇಲೆ ಲೋಕವು ಒಪ್ಪಿತು. 1937ರಲ್ಲಿ ಅಮೆರಿಕದ ಲೂಮಿಸರೂ ಅವರ ಸಂಗಡಿಗರೂ ಈ ತರಂಗಗಳನ್ನೇ ಆಧಾರವಾಗಿಟ್ಟುಕೊಂಡು ನಿದ್ದೆಯನ್ನು ಹಂತಗಳಾಗಿ ವಿಂಗಡಿಸಿದರು. ಹೀಗೆ ಒಬ್ಬನ ಕಾಣ್ಕೆಗೆ ಪರದೇಶದವನ ಸಾಕ್ಷಿಯೇ ಬಲವಾಯಿತು.

ವಿದ್ವಾಂಸರ ಸಂಚಾರದಿಂದಾದ ಲಾಭವೂ ಸಣ್ಣದಲ್ಲ. ಇಟಲಿಯ ಮೊರೂತ್ಸಿಯವರು ಬ್ರಸೆಲ್ಸಿನಲ್ಲಿ ಬ್ರೆಮರರ ಬಳಿಯೂ ಕೇಂಬ್ರಿಜ್‌ನಲ್ಲಿ ಏಡ್ರಿಯನರ ಬಳಿಯೂ ಅಭ್ಯಾಸ ಮಾಡಿ, ಯುದ್ಧಾನಂತರ ಅಮೆರಿಕಕ್ಕೆ ಹೋಗಿ, ಮ್ಯಾಗೂನರೊಡನೆ 1949ರಲ್ಲಿ ಒಂದು ಸಂಗತಿಯನ್ನು ತೋರಿಸಿಕೊಟ್ಟರು: ಮಿದುಳುಕಾಂಡದಲ್ಲಿರುವ ಒಂದು ಜಾಲವು ಇಡೀ ಮಿದುಳನ್ನು ಎಚ್ಚರಿಸುತ್ತದೆ. ಚಿಕಾಗೋದಲ್ಲಿ, ರಷ್ಯನ್ ಸಾಮ್ರಾಜ್ಯಕ್ಕೆ ಸೇರಿದ್ದ ಕಿಷಿನೇವ್‌ನಲ್ಲಿ ಹುಟ್ಟಿ ವಲಸೆ ಬಂದಿದ್ದ ಕ್ಲೈಟ್‌ಮನ್ನರೂ ಅವರ ಶಿಷ್ಯ ಅಸೆರಿನ್‌ಸ್ಕಿಯೂ 1953ರಲ್ಲಿ, ನಿದ್ರಿಸುವವನ ಕಣ್ಣುಗಳು ಮುಚ್ಚಿದ ರೆಪ್ಪೆಯೊಳಗೆ ಆಗಾಗ ವೇಗವಾಗಿ ಚಲಿಸುವುದನ್ನೂ ಆಗ ಎಬ್ಬಿಸಿದರೆ ಅವನು ಬಹುಮಟ್ಟಿಗೆ ಕನಸನ್ನೇ ಹೇಳುವುದನ್ನೂ ವರದಿ ಮಾಡಿದರು. ಮ್ಯಾಗೂನರ ಬಳಿ ಕೆಲಸ ಕಲಿತು ಫ್ರಾನ್ಸಿನ ಲಿಯಾನಿಗೆ ಮರಳಿದ ಜೂವೆಯವರು 1959ರ ಹೊತ್ತಿಗೆ, ಇದೇ ಅವಸ್ಥೆಯಲ್ಲಿ ಮಿದುಳು ಎಚ್ಚರದಲ್ಲಿದ್ದಂತೆ ತೋರಿದರೂ ಸ್ನಾಯುಗಳು ಸಂಪೂರ್ಣ ಸಡಿಲವಾಗಿರುತ್ತವೆಂದು ಕಂಡು, ಅದಕ್ಕೆ ವಿರೋಧಾಭಾಸದ ನಿದ್ರೆ ಎಂದು ಹೆಸರಿಟ್ಟರು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಒಂದೊಂದು ಪ್ರಯೋಗಶಾಲೆಯೂ ತನ್ನದೇ ಆದ ಅಳತೆಯಿಂದ ನಿದ್ದೆಯ ಹಂತಗಳನ್ನು ಎಣಿಸುತ್ತಿತ್ತು. ಒಂದೇ ದಾಖಲೆಯನ್ನು ಇಬ್ಬರು ಓದಿದರೆ ಎರಡು ಲೆಕ್ಕ. ಸೇರು ಊರಿಗೊಂದಾದರೆ ವ್ಯಾಪಾರ ನಡೆಯುವುದೆಂತು? ನಿದ್ರಾಸಂಶೋಧಕರು 1961ರಲ್ಲಿ ಚಿಕಾಗೋದಲ್ಲಿ ಒಂದು ಸಂಘವಾಗಿ ಸೇರಿದರು. ಬಳಿಕ ರೆಕ್ಟ್‌ಶಾಫನ್ ಮತ್ತು ಕೇಲ್ಸ್ ಇವರ ನೇತೃತ್ವದ ಸಮಿತಿಯು 1968ರಲ್ಲಿ ಎಲ್ಲರಿಗೂ ಒಪ್ಪಿಗೆಯಾಗುವ ಒಂದು ಕೈಪಿಡಿಯನ್ನು ಪ್ರಕಟಿಸಿತು. ಆ ಸಮಿತಿಯಲ್ಲಿ ಅಮೆರಿಕದವರಲ್ಲದೆ ಫ್ರಾನ್ಸಿನ ಜೂವೆ, ಬ್ರಿಟನ್ನಿನ ಆಸ್ವಾಲ್ಡ್ ಮೊದಲಾದವರೂ ಇದ್ದರು. 2007ರಲ್ಲಿ ಹೊಸ ನಿಯಮಾವಳಿ ಬರುವ ತನಕ, ಸುಮಾರು ನಾಲ್ಕು ದಶಕಗಳ ಕಾಲ, ಬಹುಪಾಲು ದೇಶಗಳು ಆ ಕೈಪಿಡಿಯನ್ನೇ ಅನುಸರಿಸಿದವು. ಈ ಚಿಕ್ಕ ಹೊತ್ತಗೆಯನ್ನು ನಾವು ನಿದ್ರಾಶಾಸ್ತ್ರದ ವ್ಯಾಕರಣವೆಂದು ಕರೆದರೆ ತಪ್ಪಾಗಲಾರದು.

ಈ ಸಹಕಾರದ ಫಲವು ರೋಗಿಯ ಹಾಸಿಗೆಯ ಬಳಿಗೆ ಬಂದ ಬಗೆಯನ್ನು ಇನ್ನು ನೋಡಬೇಕು. ಗಟ್ಟಿಯಾಗಿ ಗೊರಕೆ ಹೊಡೆಯುವವನನ್ನು ಕುಂಭಕರ್ಣನೆಂದು ಹಾಸ್ಯಮಾಡುವುದು, ಅವನಿಗೆ ಸುಖನಿದ್ರೆಯೆಂದು ತಿಳಿಯುವುದು ನಮ್ಮ ಮನೆಗಳ ವಾಡಿಕೆ. 1965ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಗಾಸ್ತೋ ಮತ್ತವರ ಸಂಗಡಿಗರೂ, ಜರ್ಮನಿಯ ಫ್ರೈಬುರ್ಗಿನಲ್ಲಿ ಯುಂಗ್ ಮತ್ತು ಕೂಲೋ ಎಂಬವರೂ, ಕೆಲವರಲ್ಲಿ ನಿದ್ದೆಯ ನಡುವೆ ಉಸಿರು ಮತ್ತೆ ಮತ್ತೆ ನಿಂತುಹೋಗುವುದನ್ನು ಬೇರೆಬೇರೆಯಾಗಿ ಕಂಡರು. ಈ ಸಲ ಅರ್ಧ ಶತಮಾನ ಕಾಯಬೇಕಾಗಲಿಲ್ಲ. ಇಟಲಿಯ ಬೊಲೋನಾದಲ್ಲಿ ಲುಗಾರೇಸಿಯವರ ಬಳಗವು ಈ ವಿಷಯವನ್ನು ಮುಂದುವರಿಸಿ 1972ರಲ್ಲಿ ರಿಮಿನಿಯಲ್ಲಿ ವಿಚಾರಗೋಷ್ಠಿ ನಡೆಸಿತು. ಅದೇ ವರ್ಷ ಫ್ರಾನ್ಸಿನ ಗಿಯ್ಯಮಿನೋ ಅವರು ಅಮೆರಿಕದ ಸ್ಟ್ಯಾನ್‌ಫರ್ಡಿಗೆ ಹೋಗಿ ಡೆಮೆಂಟರನ್ನು ಕೂಡಿಕೊಂಡರು. 1976ರಲ್ಲಿ ಅವರು ಈ ವ್ಯಾಧಿಗೆ ನಿದ್ರಾ ಉಸಿರುಕಟ್ಟಿನ ಲಕ್ಷಣಸಮೂಹವೆಂಬ ಅರ್ಥದ ಹೆಸರನ್ನು ನಿಲ್ಲಿಸಿದರು.

ಆ ಕಾಲದಲ್ಲಿ ಈ ರೋಗ ತೀವ್ರವಾದರೆ ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡುವುದೇ ಉಳಿದ ಉಪಾಯವಾಗಿತ್ತು. ಕೆನಡದ ಟೊರಾಂಟೊದಲ್ಲಿ ನಿದ್ದೆಯ ಕಾಲದ ಉಸಿರಾಟವನ್ನು ಅಭ್ಯಾಸ ಮಾಡಿ ಆಸ್ಟ್ರೇಲಿಯದ ಸಿಡ್ನಿಗೆ ಮರಳಿದ ಕಾಲಿನ್ ಸಲಿವನ್ನರು, ಮೂಗಿನ ಮುಸುಕಿನ ಮೂಲಕ ಎಡೆಬಿಡದೆ ಗಾಳಿಯ ಒತ್ತಡ ಕೊಟ್ಟು ಗಂಟಲು ಮುಚ್ಚದಂತೆ ತಡೆಯಬಹುದೆಂದು ಐವರು ರೋಗಿಗಳಲ್ಲಿ ತೋರಿಸಿ 1981ರಲ್ಲಿ ಪ್ರಕಟಿಸಿದರು. ಇಂದು ನಮ್ಮ ಪಟ್ಟಣಗಳ ವೈದ್ಯರೂ ಬರೆದುಕೊಡುವ ಸಿಪ್ಯಾಪ್ ಯಂತ್ರವು ಇದೇ. ಅದರ ಹಿಂದೆ ಐದಾರು ದೇಶಗಳ ದುಡಿಮೆಯಿದೆ.

ಹಗಲಿನಲ್ಲಿ ತಡೆಯಲಾಗದ ನಿದ್ದೆ ಬರುವ ನಾರ್ಕೊಲೆಪ್ಸಿ ಎಂಬ ಕಾಯಿಲೆಯ ಕಥೆಯೂ ಹೀಗೆಯೇ. 1880ರಲ್ಲಿ ಫ್ರಾನ್ಸಿನ ಜೆಲಿನೋ ಅವರು ಅದಕ್ಕೆ ಹೆಸರಿಟ್ಟರು. 1980ರ ದಶಕದ ಮೊದಲಲ್ಲಿ ಟೋಕಿಯೋದ ಹೋಂಡಾ ಅವರ ತಂಡವು ಈ ರೋಗಿಗಳ ರಕ್ತದಲ್ಲಿ ಒಂದು ವಿಶಿಷ್ಟ ಆನುವಂಶಿಕ ಗುರುತನ್ನು ಕಂಡಿತು. 1998ರಲ್ಲಿ ಅಮೆರಿಕದ ಎರಡು ತಂಡಗಳು ಹೈಪೊಕ್ರೆಟಿನ್ ಅಥವಾ ಒರೆಕ್ಸಿನ್ ಎಂಬ ಮಿದುಳಿನ ದ್ರವ್ಯವನ್ನು ಗುರುತಿಸಿದವು. ಅವುಗಳಲ್ಲೊಂದರ ನಾಯಕರು ಜಪಾನಿನ ಯಾನಗಿಸಾವಾ. 2000ದಲ್ಲಿ ಸ್ಟ್ಯಾನ್‌ಫರ್ಡಿನವರೂ ಹಾಲೆಂಡಿನ ಲೈಡನ್ನಿನವರೂ ಒಟ್ಟಾಗಿ ಪರೀಕ್ಷಿಸಿದ ಒಂಬತ್ತು ಮಂದಿ ರೋಗಿಗಳಲ್ಲಿ ಏಳು ಮಂದಿಯ ಮಿದುಳುಬಳ್ಳಿಯ ದ್ರವದಲ್ಲಿ ಆ ದ್ರವ್ಯವು ಸಿಗಲೇ ಇಲ್ಲ. ಸೋಮಾರಿಯೆಂದು ಬೈಗುಳ ಕೇಳುತ್ತಿದ್ದವನು ರೋಗಿಯೆಂಬುದಕ್ಕೆ ಅಂದು ಪ್ರಮಾಣ ದೊರೆಯಿತು.

ಸಂಸ್ಥೆಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳುವುದಾದರೆ, 1972ರಲ್ಲಿ ಯುರೋಪಿನ ನಿದ್ರಾಸಂಶೋಧಕರು ಬಾಸೆಲಿನಲ್ಲಿ ಸೇರಿದರು. 1990ರಲ್ಲಿ ಅಮೆರಿಕ, ಯುರೋಪ್, ಜಪಾನ್, ಲ್ಯಾಟಿನ್ ಅಮೆರಿಕ ಈ ನಾಲ್ಕೂ ಕಡೆಯ ಸಂಘಗಳು ಕೂಡಿ ನಿದ್ರಾರೋಗಗಳ ಅಂತರರಾಷ್ಟ್ರೀಯ ವರ್ಗೀಕರಣವನ್ನು ಹೊರತಂದವು. 2008ರಿಂದ ವರ್ಷಕ್ಕೊಮ್ಮೆ ವಿಶ್ವ ನಿದ್ರಾ ದಿನವು ನಡೆಯುತ್ತಿದೆ. 2016ರಲ್ಲಿ ಎರಡು ಜಾಗತಿಕ ಸಂಘಗಳು ಒಂದಾಗಿ ವಿಶ್ವ ನಿದ್ರಾ ಸಂಘವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ನಿದ್ರಾಸಂಶೋಧನೆ ನಡೆದಿದೆಯೆಂಬುದು ಕನ್ನಡಿಗರಿಗೆ ಸಂತೋಷದ ವಿಷಯ.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದೇನು? ಇಷಿಮೋರಿಯವರು ತಮ್ಮ ಭಾಷೆಯಲ್ಲಿ ಬರೆದುದು ದೋಷವಲ್ಲ. ಅದನ್ನು ಆಚೆಗೆ ದಾಟಿಸುವ ಸೇತುವೆ ಇಲ್ಲದಿದ್ದುದೇ ದೋಷ. ಜಪಾನೀಯರು ತಮ್ಮ ನುಡಿಯನ್ನು ಬಿಡಲಿಲ್ಲ. ಹೋಂಡಾ, ಯಾನಗಿಸಾವಾ ಮೊದಲಾದವರು ಸೇತುವೆಯನ್ನು ಕಟ್ಟಿದರು. ಮನೆಯಲ್ಲೊಂದು ಭಾಷೆ, ಕಚೇರಿಯಲ್ಲೊಂದು ಭಾಷೆ ಎಂದು ಬಾಳುವ ಗಡಿನಾಡಿನ ಮಕ್ಕಳಿಗೆ ಈ ಸೇತುವೆಯ ಕೆಲಸ ಹುಟ್ಟಿನಿಂದಲೇ ಬಂದಿದೆ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹುಡುಗರು ವೈದ್ಯರಾಗಲಿ, ವಿಜ್ಞಾನಿಗಳಾಗಲಿ, ಲೋಕದ ವಿದ್ಯೆಯನ್ನು ಕನ್ನಡಕ್ಕೆ ತರಲಿ, ಇಲ್ಲಿ ಕಂಡುದನ್ನು ಲೋಕಕ್ಕೆ ತಿಳಿಸಲಿ. ಗೊರಕೆಯ ನಡುವೆ ಉಸಿರು ನಿಲ್ಲುವ ಅಜ್ಜನನ್ನು ನೋಡಿ ನಗದೆ ವೈದ್ಯರ ಬಳಿಗೆ ಕರೆದೊಯ್ಯಬೇಕೆಂಬ ಅರಿವು ಕನ್ನಡದಲ್ಲಿಯೇ ಮನೆಮನೆಗೂ ಮುಟ್ಟಿದರೆ, ಅಷ್ಟು ದೇಶಗಳ ಪರಿಶ್ರಮವು ನಮ್ಮ ಪಾಲಿಗೂ ಸಾರ್ಥಕವಾಗುವುದು.