ಲಿಸ್ಬನ್ನಿನಲ್ಲಿ ಸುಟ್ಟುಹೋದ ಮೆಣಸಿನ ಲೆಕ್ಕ

ನಮ್ಮ ಉತ್ತರ ಕನ್ನಡದ ಕಡೆ ಸಂಬಳಕ್ಕೆ ಪಗಾರ ಅಂತಾರೆ. ಬೀಗದ ಕೈಗೆ ಚಾವಿ, ಆಲೂಗಡ್ಡೆಗೆ ಬಟಾಟೆ. ಅಂಗಿಗೆ ಇಸ್ತ್ರಿ ಹಾಕ್ತೇವೆ, ಮನೆ ಕಟ್ಟೋಕೆ ಮೇಸ್ತ್ರಿಯನ್ನ ಕರೀತೇವೆ, ಬಚ್ಚಲಲ್ಲಿ ಬಾಲ್ದಿ ಇಡ್ತೇವೆ. ಈ ಆರೂ ಪದಗಳು ಪೋರ್ಚುಗೀಸ್ ಭಾಷೆಯಿಂದ ಬಂದವು. ಅವು ಹಡಗು ಹತ್ತಿದ ಊರು ಲಿಸ್ಬನ್.

ಹೋದ ನವೆಂಬರಿನಲ್ಲಿ ಅಲ್ಲಿಗೆ ಒಂದು ಸಾಫ್ಟ್‌ವೇರ್ ಸಮ್ಮೇಳನಕ್ಕೆ ಹೋಗಿದ್ದೆ. ಸರ್ವರುಗಳು ಒಟ್ಟಿಗೇ ಮಗುಚಿಕೊಂಡರೆ ಮತ್ತೆ ಎಬ್ಬಿಸೋದು ಹೇಗೆ, ಬ್ಯಾಕಪ್ ಎಲ್ಲಿಡಬೇಕು, ಆಮೇಲೆ ಏನಾಯ್ತು ಅಂತ ಬರೆದಿಡೋದು ಹೇಗೆ, ಇವೇ ಅಲ್ಲಿನ ಮಾತು. ಜಾಗ ಊರಿನ ಪೂರ್ವಕ್ಕೆ, ತೇಜು ನದಿಯ ದಂಡೆಯ ಪಾರ್ಕ್ ದಾಸ್ ನಾಸೋಯಿಶ್. ವಾಸ್ಕೋ ಡ ಗಾಮ ಭಾರತಕ್ಕೆ ಬಂದು 500 ವರ್ಷ ಆದ ನೆನಪಿಗೆ 1998ರಲ್ಲಿ ಅಲ್ಲಿ ವಿಶ್ವ ಪ್ರದರ್ಶನ ನಡೀತು. ಹಾಗಾಗಿ ಸೇತುವೆಗೂ ಅವನದೇ ಹೆಸರು, ಮಾಲ್‌ಗೂ ಅವನದೇ, ಗೋಪುರಕ್ಕೂ ಅವನದೇ. ಶಾಲೆಯಲ್ಲಿ ನಮಗೆ ಅವನು ಒಂದು ಮಾರ್ಕಿನ ಪ್ರಶ್ನೆ. ಇಲ್ಲಿ ಅವನ ಹೆಸರಿನ ಮಾಲ್‌ನಲ್ಲಿ ಕಾಫಿ ಕುಡಿಯಬಹುದು.

ಸಂಜೆಯ ಲಿಸ್ಬನ್ ತುಂಬಾ ಗಲಗಲ ಅನ್ನೋ ಊರು. ಗುಡ್ಡದ ಮೇಲೆ ಗುಡ್ಡ, ಅವುಗಳ ಸಂದಿಯಲ್ಲಿ ಕಿರಗುಟ್ಟುತ್ತಾ ಹತ್ತುವ ಹಳದಿ ಟ್ರಾಮು. ಮೂಲೆಮೂಲೆಯಲ್ಲಿ ಕೆಂಡದ ಮೇಲೆ ಚೆಸ್ಟ್‌ನಟ್ ಸುಡೋರು. ತಿಂದರೆ ಥೇಟ್ ನಮ್ಮ ಸುಟ್ಟ ಹಲಸಿನ ಬೇಳೆ. ಮಾರ್ಟಿಮ್ ಮೊನೀಜ್ ಅನ್ನೋ ಚೌಕದ ಸುತ್ತ ಬಾಂಗ್ಲಾದೇಶದವರು, ನೇಪಾಳದವರು, ಗುಜರಾತಿಗಳು ಅಂಗಡಿ ಇಟ್ಟಿದ್ದಾರೆ. ರಾತ್ರಿ ಹನ್ನೊಂದಾದರೂ ಬೀದಿಯಲ್ಲಿ ಹಾಡು, ಮಾತು, ಜಗಳ.

ಆದರೆ ನನ್ನನ್ನ ಹಿಡಿದು ನಿಲ್ಲಿಸಿದ್ದು ನದಿಗೆ ಮುಖ ಮಾಡಿರೋ ದೊಡ್ಡ ಬಯಲು, ಪ್ರಾಸಾ ದು ಕೊಮೆರ್ಸಿಯು. ಹೆಸರಿನ ಅರ್ಥವೇ ವ್ಯಾಪಾರದ ಚೌಕ. ಊರಿನ ಮಂದಿ ಈಗಲೂ ಅದನ್ನ ಅರಮನೆಯ ಅಂಗಳ ಅಂತಲೇ ಕರೆಯೋದು, ಅರಮನೆ ಇಲ್ಲದಿದ್ದರೂ. 1500ರ ದಶಕದ ಶುರುವಿನಲ್ಲಿ ದೊರೆ ಒಂದನೇ ಮಾನುಯೆಲ್ ಇಲ್ಲಿ ಅರಮನೆ ಕಟ್ಟಿಸಿದ. ಅದಕ್ಕೆ ಅಂಟಿಕೊಂಡೇ ಇತ್ತು ಕಾಜಾ ದಾ ಇಂಡಿಯಾ, ಅಂದರೆ ಇಂಡಿಯಾ ಮನೆ. ನಮ್ಮ ಕಡೆಯಿಂದ ಹೋದ ಮೆಣಸು ಇಳಿಯುತ್ತಿದ್ದದ್ದು, ತೂಗುತ್ತಿದ್ದದ್ದು, ಪುಸ್ತಕಕ್ಕೆ ಏರುತ್ತಿದ್ದದ್ದು ಅಲ್ಲೇ. ಮೆಣಸಿನ ವ್ಯಾಪಾರ ದೊರೆಯ ಗುತ್ತಿಗೆ. ಬೇರೆಯವರು ಕೈ ಹಾಕೋ ಹಾಗಿರಲಿಲ್ಲ. ದೊರೆಯ ಮಲಗೋ ಕೋಣೆ, ಗೋದಾಮು ಎರಡೂ ಹೆಚ್ಚುಕಮ್ಮಿ ಒಂದೇ ಕಟ್ಟಡ.

ಮೆಣಸು ಅಂದರೆ ನನಗೆ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ. ಏಣಿ ಹಾಕಿ ಕೊನೆಯಿಂದ ಕೊನೆಗೆ ಕೈ ಚಾಚಿ ಕೊಯ್ಯಬೇಕು. ಆಮೇಲೆ ಕಾಲಲ್ಲಿ ತುಳಿದು ಕಾಳು ಬಿಡಿಸಿ, ಕಪ್ಪಾಗೋವರೆಗೆ ಅಂಗಳದಲ್ಲಿ ಒಣಗಿಸಬೇಕು. ಗಾಮನ ಕಾಲದಲ್ಲೂ ಇಷ್ಟೇ ಕೆಲಸ. ಈ ಕಾಳಿಗಾಗಿ 1497ರ ಜುಲೈ 8ರಂದು ಹೊರಟ ಅವನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಾಪಸ್ ಬರಲಿಲ್ಲ. ಕಲ್ಲಿಕೋಟೆಯಿಂದ ಮರಳುವಾಗ ಅವನು ಹಡಗು ರಿಪೇರಿಗೆ ನಿಂತದ್ದು ಕಾರವಾರದ ಪಕ್ಕದ ಅಂಜದೀವ್ ದ್ವೀಪದಲ್ಲಿ.

1502ರಲ್ಲಿ ಎರಡನೇ ಸಲ ಬಂದಾಗ ಅವನ ಹತ್ತಿರ ಫಿರಂಗಿ ಇದ್ದವು. ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಒಂದು ಹಡಗನ್ನ, ಹೆಂಗಸರು ಮಕ್ಕಳು ಒಳಗಿದ್ದ ಹಾಗೇ, ಸುಟ್ಟ. ಸತ್ತವರು ನೂರಾರು. ಅದೇ ಸಲ ಭಟ್ಕಳದ ಮೇಲೂ ಬಿದ್ದು, ವರ್ಷ ವರ್ಷ ಅಕ್ಕಿಯ ಕಪ್ಪ ಕೊಡೋ ಹಾಗೆ ಮಾಡಿದ. ಆಮೇಲೆ ಬಂದದ್ದು ಕಾರ್ತಾಜ್. ನಮ್ಮ ಸಮುದ್ರದಲ್ಲಿ ನಮ್ಮ ಹಡಗು ಓಡಬೇಕಾದರೆ ಪೋರ್ಚುಗೀಸರಿಗೆ ದುಡ್ಡು ಕೊಟ್ಟು ಪರವಾನಗಿ ಪಡೀಬೇಕು, ಇಲ್ಲದಿದ್ದರೆ ಸರಕು ಜಪ್ತಿ. ಸಾವಿರಾರು ವರ್ಷ ಎಲ್ಲರಿಗೂ ತೆರೆದಿದ್ದ ದಾರಿಗೆ ಯಾರೋ ಬಂದು ಲೈಸೆನ್ಸ್ ಹಚ್ಚಿದ ಹಾಗೆ.

ನಮ್ಮವರೆಲ್ಲ ಕೈ ಕಟ್ಟಿ ಕೂತಿದ್ದರು ಅಂತಲ್ಲ. ಹೊನ್ನಾವರದ ತಿಮ್ಮಯ್ಯ 1510ರಲ್ಲಿ ಗೋವಾ ಹಿಡಿಯೋಕೆ ಪೋರ್ಚುಗೀಸರ ಜೊತೆಗೇ ನಿಂತ. ಗೇರುಸೊಪ್ಪೆಯ ಚೆನ್ನಭೈರಾದೇವಿ ಅವರ ಜೊತೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು. 1552ರಿಂದ 1606ರವರೆಗೆ ಆಳಿದ ಅವಳನ್ನ ಅವರು ಕರೆದದ್ದು ‘ಮೆಣಸಿನ ರಾಣಿ’ ಅಂತ. ಹೆಸರಲ್ಲಿ ಗೌರವ ಇತ್ತೋ, ಹೊಟ್ಟೆಕಿಚ್ಚು ಇತ್ತೋ, ಎರಡೂ ಇದ್ದವೋ.

ಆ ದುಡ್ಡು ಎಲ್ಲಿ ಹೋಯ್ತು ಅಂತ ನೋಡಬೇಕಾದರೆ ಬೆಲೆಂಗೆ ಹೋಗಬೇಕು. ಅಲ್ಲಿನ ಜೆರೋನಿಮುಶ್ ಮಠದ ಕಂಬಗಳಲ್ಲಿ ಹಡಗಿನ ಹಗ್ಗ, ಹವಳ, ಎಲೆಬಳ್ಳಿ ಕಲ್ಲಾಗಿ ನಿಂತಿವೆ. ಕಟ್ಟಿದ್ದು ಹೆಚ್ಚಾಗಿ ಸಾಂಬಾರ ಪದಾರ್ಥಗಳ ಮೇಲೆ ಹಾಕಿದ ಸುಂಕದಿಂದ. ಗಾಮನ ಸಮಾಧಿಯೂ ಅಲ್ಲೇ. ಸುಂದರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. 16ನೇ ಶತಮಾನದ ನಡುವಿನ ಹೊತ್ತಿಗೆ ಲಿಸ್ಬನ್ನಿನಲ್ಲಿ ಹತ್ತು ಜನರಿದ್ದರೆ ಅವರಲ್ಲಿ ಒಬ್ಬರು ಗುಲಾಮರು, ಹೆಚ್ಚಿನವರು ಆಫ್ರಿಕಾದವರು ಅನ್ನೋದನ್ನೂ ಇದರ ಜೊತೆಗೇ ಇಟ್ಟು ನೋಡಬೇಕು.

1755ರ ನವೆಂಬರ್ 1, ಶನಿವಾರ. ಸಕಲ ಸಂತರ ಹಬ್ಬ. ಬೆಳಿಗ್ಗೆ ಸುಮಾರು ಒಂಬತ್ತೂವರೆ ಹೊತ್ತಿಗೆ ಚರ್ಚುಗಳು ತುಂಬಿದ್ದವು, ಮೇಣದಬತ್ತಿ ಉರೀತಿದ್ದವು. ಆಗ ನೆಲ ನಡುಗಿತು. ಬದುಕಿದವರು ಬಯಲು ಸುರಕ್ಷಿತ ಅಂತ ನದಿದಂಡೆಗೆ ಓಡಿದರು. ನೀರು ಹಿಂದೆ ಸರಿಯಿತು, ಆಮೇಲೆ ಗೋಡೆಯ ಹಾಗೆ ಬಂತು. ಅಷ್ಟರಲ್ಲಿ ಬಿದ್ದ ಬತ್ತಿ, ಒಲೆಗಳಿಂದ ಹತ್ತಿದ ಬೆಂಕಿ ಐದಾರು ದಿನ ಉರಿಯಿತು. ಸತ್ತವರು ಹತ್ತಾರು ಸಾವಿರ. ಅರಮನೆ ಹೋಯ್ತು, ಅದರ ಗ್ರಂಥಾಲಯ ಹೋಯ್ತು. ಇಂಡಿಯಾ ಮನೆಯೂ ಹೋಯ್ತು, ಇನ್ನೂರೈವತ್ತು ವರ್ಷದ ಲೆಕ್ಕಪತ್ರದ ಸಮೇತ. ಯಾವ ವರ್ಷ, ಯಾವ ಬಂದರಿನಿಂದ ಎಷ್ಟು ಮೆಣಸು ಬಂತು ಅಂತ ಇವತ್ತು ಚರಿತ್ರೆಕಾರರು ಬೇರೆ ಬೇರೆ ಕಡೆಯ ಚೂರುಗಳನ್ನ ಜೋಡಿಸಿ ಊಹಿಸಬೇಕು.

ಇನ್ನೊಂದು ದಾಖಲೆ ಸಂಗ್ರಹ ಮಾತ್ರ ಉಳೀತು. ಕೋಟೆಯ ಗುಡ್ಡದ ಮೇಲಿದ್ದ ತೋರ್ ದು ತೊಂಬು ಗೋಪುರ ಕುಸಿದರೂ ಅದರ ಕಾಗದಪತ್ರಗಳನ್ನ ಅವಶೇಷದಡಿಯಿಂದ ಎತ್ತಿ ಹಲಗೆಯ ಶೆಡ್ಡಿಗೆ ಸಾಗಿಸಿದರು. ಮಾಡಿಸಿದವನು ಮಾನುಯೆಲ್ ದಾ ಮಾಯ. ಆಗ ಅವನಿಗೆ 78 ವರ್ಷ. ದಾಖಲೆಗಳ ಮುಖ್ಯಸ್ಥನೂ ಅವನೇ, ರಾಜ್ಯದ ಮುಖ್ಯ ಎಂಜಿನಿಯರೂ ಅವನೇ. ಕೆಲವೇ ವಾರಗಳಲ್ಲಿ ಅವನು ಊರನ್ನ ಮತ್ತೆ ಕಟ್ಟೋ ಬಗ್ಗೆ ಆಯ್ಕೆಗಳನ್ನ ಬರೆದುಕೊಟ್ಟ: ಮೊದಲಿದ್ದ ಹಾಗೇ ಕಟ್ಟಬಹುದು, ಬೀದಿ ಅಗಲ ಮಾಡಬಹುದು, ಎಲ್ಲ ಕೆಡವಿ ಹೊಸದಾಗಿ ಗೆರೆ ಎಳೀಬಹುದು, ಊರನ್ನೇ ಬೇರೆ ಕಡೆ ಒಯ್ಯಬಹುದು. ಡಿಸೈನ್ ಡಾಕ್ಯುಮೆಂಟ್ ಬರೆದು ಅಭ್ಯಾಸ ಇದ್ದವರಿಗೆ ಆ ಮುದುಕ ನಮ್ಮವನೇ ಅನ್ನಿಸದೆ ಇರೋಲ್ಲ. ಹಾಗೆ ಎದ್ದದ್ದು ಈಗಿನ ಬೈಶಾ, ನೇರ ಬೀದಿಗಳ ಬಡಾವಣೆ. ಅಲ್ಲಿನ ಗೋಡೆಗಳ ಒಳಗೆ ಅಡ್ಡಡ್ಡ ತೊಲೆ ಜೋಡಿಸಿದ ಮರದ ಪಂಜರ ಇದೆ, ಕಲ್ಲು ಉದುರಿದರೂ ಮನೆ ನಿಲ್ಲಲಿ ಅಂತ. ಪಂಜರದ ಮಾದರಿಯ ಸುತ್ತ ಸೈನಿಕರನ್ನ ಕುಣಿಸಿ ಪರೀಕ್ಷೆ ಮಾಡಿದರಂತೆ.

ಮಂತ್ರಿ ಪೊಂಬಾಲ್ ಇನ್ನೊಂದು ಕೆಲಸ ಮಾಡಿಸಿದ. 1756ರ ಶುರುವಿನಲ್ಲಿ ದೇಶದ ಎಲ್ಲ ಚರ್ಚಿನ ಪಾದ್ರಿಗಳಿಗೂ ಪ್ರಶ್ನೆಪಟ್ಟಿ ಹೋಯ್ತು. ಎಷ್ಟು ಹೊತ್ತಿಗೆ ನಡುಗಿತು, ಎಷ್ಟು ಹೊತ್ತು, ಯಾವ ದಿಕ್ಕಿನಿಂದ ಜೋರು, ಎಷ್ಟು ಮನೆ ಬಿದ್ದವು, ಎಷ್ಟು ಜನ ಸತ್ತರು, ಸಮುದ್ರ ಮೊದಲು ಏರಿತೋ ಇಳಿಯಿತೋ. ದೇವರು ಯಾಕೆ ಸಿಟ್ಟಾದ ಅನ್ನೋ ಪ್ರಶ್ನೆ ಅದರಲ್ಲಿಲ್ಲ. ಆಗಿನ ದೊಡ್ಡ ದೊಡ್ಡವರು ಕೇಳ್ತಿದ್ದದ್ದು ಅದನ್ನೇ. ಪೊಂಬಾಲ್ ಒಳ್ಳೆಯವನೇನಲ್ಲ. ಇದು ದೇವರ ಶಿಕ್ಷೆ ಅಂತ ಬೋಧಿಸಿದ ಪಾದ್ರಿ ಮಲಗ್ರಿದ ಅವನ ಅಧಿಕಾರದಲ್ಲೇ 1761ರಲ್ಲಿ ಕೊಲೆಯಾಗಿ ಸುಟ್ಟುಹೋದ. ಆದರೂ ಪಾದ್ರಿಗಳು ಬರೆದ ಉತ್ತರಗಳು ಈಗಲೂ ದಾಖಲೆಯಲ್ಲಿವೆ, ಭೂಕಂಪದ ವಿಜ್ಞಾನಿಗಳು ಈಗಲೂ ಓದುತ್ತಾರೆ.

ಸಮ್ಮೇಳನದಲ್ಲಿ ಒಬ್ಬರು ಈ ಪ್ರಶ್ನೆಪಟ್ಟಿಯನ್ನ ಸ್ಲೈಡಿನಲ್ಲಿ ತೋರಿಸಿ, ಜಗತ್ತಿನ ಮೊದಲ ಪೋಸ್ಟ್‌ಮಾರ್ಟಮ್ ರಿಪೋರ್ಟ್ ಅಂತ ಹೊಗಳಿದರು. ಎಲ್ಲರ ಜೊತೆ ನಾನೂ ಚಪ್ಪಾಳೆ ಹೊಡೆದೆ. ಆದರೆ ಹೊಟ್ಟೆಯೊಳಗೆ ಒಂದು ಲೆಕ್ಕ ಕೂತೇ ಇತ್ತು. ತಮ್ಮ ಊರು ಬಿದ್ದಾಗ ಅಷ್ಟು ಚೆನ್ನಾಗಿ ಪ್ರಶ್ನೆ ಕೇಳಬಲ್ಲ ಮಂದಿ, ಭಟ್ಕಳದಲ್ಲಿ ಎಷ್ಟು ಮನೆ ಸುಟ್ಟವು, ಎಷ್ಟು ಜನ ಸತ್ತರು, ಅಕ್ಕಿ ಕೊಟ್ಟ ಮೇಲೆ ಏನು ಉಂಡರು ಅಂತ ಯಾವ ಊರಿಗೂ ಪಟ್ಟಿ ಕಳಿಸಲಿಲ್ಲ. ಮೆಣಸನ್ನ ತೂಗಿದ್ದರು, ಆ ಪುಸ್ತಕವೂ ಸುಟ್ಟುಹೋಯ್ತು.

ಅವರು ಕೇಳಲಿಲ್ಲ, ಸರಿ. ನಾವಾದರೂ ಕೇಳಿದೆವಾ? ಹೊನ್ನಾವರದಿಂದ ಜೋಗಕ್ಕೆ ಹೋಗೋ ಕಾರುಗಳು ಗೇರುಸೊಪ್ಪೆ ದಾಟಿಯೇ ಹೋಗುತ್ತವೆ. ಅಲ್ಲಿ ಶರಾವತಿ ದಂಡೆಯ ಕಾಡಿನಲ್ಲಿ ಮೆಣಸಿನ ರಾಣಿಯ ಊರಿನ ಕಲ್ಲುಗಳಿವೆ, ನಾಲ್ಕು ಬಾಗಿಲಿನ ಚತುರ್ಮುಖ ಬಸದಿ ಇದೆ. ಲಾಂಗ್ ವೀಕೆಂಡಿಗೆ ಜೋಗ ಪ್ಲಾನ್ ಮಾಡೋರು ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.