ಹೊಸ ಗಣಕಕ್ಕೊಂದು ಹಳೆಯ ಲೆಕ್ಕ



ಕಳೆದ ತಿಂಗಳು ನನ್ನ ಮೊಮ್ಮಗ ಬಿಡಿಭಾಗಗಳನ್ನು ತಂದು ನಮ್ಮ ಮನೆಯ ಹಜಾರದಲ್ಲೇ ಹೊಸ ಗಣಕಯಂತ್ರವೊಂದನ್ನು ಜೋಡಿಸಿದನು. ನನ್ನ ಹಳೆಯ ದಿನಚರಿಗಳನ್ನೂ ನಿಮ್ಮೆಲ್ಲರ ಗುಂಪುಚಿತ್ರಗಳನ್ನೂ ಅಂದೇ ಅದರಲ್ಲಿ ಸೇರಿಸಿಡಬೇಕೆಂಬ ಆತುರ ನನಗಿತ್ತು. ಆದರೆ ಅವನು, “ತಾತ, ಈಗಲೇ ಏನನ್ನೂ ಹಾಕಬೇಡಿ. ಮೊದಲು ರಾತ್ರಿಯೆಲ್ಲ ಪ್ರೈಮ್95 ಓಡಲಿ” ಎಂದನು. ಅದೇನೆಂದು ಕೇಳಿದರೆ, “ಯಾವುದೋ ಮರ್ಸೆನ್ ಸಂಖ್ಯೆಗಳ ಲೆಕ್ಕವಂತೆ” ಎಂದನು. ಗಣಿತದ ಮೇಷ್ಟರ ಕಿವಿ ನೆಟ್ಟಗಾಗಲು ಅಷ್ಟೇ ಸಾಕಾಯಿತು.

ಮರೆನ್ ಮರ್ಸೆನ್ 17ನೆಯ ಶತಮಾನದ ಫ್ರೆಂಚ್ ಪಾದ್ರಿ. 2ನ್ನು ಒಂದು ಅವಿಭಾಜ್ಯ ಸಂಖ್ಯೆಯ ಘಾತಕ್ಕೇರಿಸಿ 1 ಕಳೆದರೆ ಬರುವ ಸಂಖ್ಯೆಯೂ ಕೆಲವೊಮ್ಮೆ ಅವಿಭಾಜ್ಯವಾಗಿರುತ್ತದೆ. 257ರವರೆಗೆ ಅಂಥ ಘಾತಗಳು ಯಾವುವೆಂದು ಆತ 1644ರಲ್ಲಿ ಒಂದು ಪಟ್ಟಿಯನ್ನು ಪ್ರಕಟಿಸಿದನು. ಪಟ್ಟಿಯಲ್ಲಿ ತಪ್ಪುಗಳಿದ್ದವು: 67 ಮತ್ತು 257 ಸೇರಬಾರದಿತ್ತು, 61, 89 ಮತ್ತು 107 ಬಿಟ್ಟುಹೋಗಿದ್ದವು. ತಾಳೆ ನೋಡುವ ಸಾಧನವೇ ಆ ಕಾಲಕ್ಕೆ ಇರಲಿಲ್ಲ.

1876ರಲ್ಲಿ ಎಡ್ವರ್ಡ್ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞನು 67ರ ಸಂಖ್ಯೆ ಅವಿಭಾಜ್ಯವಲ್ಲವೆಂದು ತೋರಿಸಿದನು. ಅದರ ಅಪವರ್ತನಗಳು ಮಾತ್ರ ದೊರೆಯಲಿಲ್ಲ. 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಅವನ್ನು ಕಂಡುಹಿಡಿದನು: 193707721 ಮತ್ತು 761838257287. ಗಣಿತಜ್ಞರ ಸಭೆಯಲ್ಲಿ ಆತ ಒಂದು ಮಾತನ್ನೂ ಆಡದೆ ಹಲಗೆಯ ಮೇಲೆ ಈ ಗುಣಾಕಾರವನ್ನು ಮಾಡಿ ತೋರಿಸಿ ಕುಳಿತನೆಂಬ ಕಥೆ ಪ್ರಸಿದ್ಧವಾಗಿದೆ.

ಲ್ಯೂಕಾನ ವಿಧಾನವನ್ನು 1930ರಲ್ಲಿ ಡೆರಿಕ್ ಲೆಹ್ಮರ್ ಸರಳಗೊಳಿಸಿದನು. ಅದನ್ನು ನೀವು ಕಾಗದದ ಮೇಲೆಯೇ ಮಾಡಬಹುದು. 2ರ 5ನೇ ಘಾತದಿಂದ 1 ಕಳೆದರೆ 31. ಈಗ 4ರಿಂದ ಆರಂಭಿಸಿ. ವರ್ಗಮಾಡಿ 2 ಕಳೆದರೆ 14. ಮತ್ತೆ ವರ್ಗಮಾಡಿ 2 ಕಳೆದರೆ 194; 31ರಿಂದ ಭಾಗಿಸಿದರೆ ಶೇಷ 8. ಮತ್ತೊಮ್ಮೆ ಹಾಗೆಯೇ ಮಾಡಿದರೆ 62, ಶೇಷ ಸೊನ್ನೆ. ಘಾತಕ್ಕಿಂತ ಎರಡು ಕಡಿಮೆ, ಅಂದರೆ ಮೂರು ಹೆಜ್ಜೆಗಳಲ್ಲಿ ಸೊನ್ನೆ ಬಂದುದರಿಂದ 31 ಅವಿಭಾಜ್ಯ. ಎರಡನೆಯ ಹೆಜ್ಜೆಯಲ್ಲಿ 8ರ ಬದಲು 7 ಎಂದು ಬರೆದಿದ್ದರೆ ಕೊನೆಗೆ ಬರುವುದು 16. ಒಂದು ಅಂಕಿ ಜಾರಿದರೆ ಮುಂದಿನದೆಲ್ಲವೂ ಹಾಳು.

ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಇದೇ ಲೆಕ್ಕವನ್ನು ಜಗತ್ತಿನಾದ್ಯಂತ ಸ್ವಯಂಸೇವಕರ ಮನೆಯ ಗಣಕಗಳಿಗೆ ಹಂಚುವ ಯೋಜನೆಯನ್ನು ಆರಂಭಿಸಿದರು. ಅಲ್ಲಿ ಹೆಜ್ಜೆಗಳು ಮೂರಲ್ಲ, ಲಕ್ಷ ಲಕ್ಷ. ಒಂದು ಯಂತ್ರ ಒಮ್ಮೆ ತಪ್ಪಿದರೆ ವಾರಗಳ ದುಡಿಮೆ ವ್ಯರ್ಥ. ಆದ್ದರಿಂದ ಅವರ ಪ್ರೈಮ್95 ತಂತ್ರಾಂಶದಲ್ಲಿ, ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಯಂತ್ರದಿಂದ ಮಾಡಿಸಿ ತಾಳೆ ನೋಡುವ ‘ಟಾರ್ಚರ್ ಟೆಸ್ಟ್’ ಸೇರಿತು. ಸಣ್ಣ ಗಾತ್ರದ ಲೆಕ್ಕಗಳು ಪ್ರೊಸೆಸರನ್ನು ಕಾಯಿಸುತ್ತವೆ. ದೊಡ್ಡವು ಮೆಮೊರಿಯನ್ನೂ ಪರೀಕ್ಷಿಸುತ್ತವೆ. ಗಣಕ ಜೋಡಿಸುವವರು ಇದನ್ನೇ ಪರೀಕ್ಷಕನನ್ನಾಗಿ ಮಾಡಿಕೊಂಡರು.

ಯಂತ್ರವೂ ಲೆಕ್ಕದಲ್ಲಿ ತಪ್ಪುತ್ತದೆಯೇ? ವರ್ಜೀನಿಯಾದ ಪ್ರಾಧ್ಯಾಪಕ ಥಾಮಸ್ ನೈಸ್ಲಿ 1994ರಲ್ಲಿ ಅವಳಿ ಅವಿಭಾಜ್ಯಗಳ ವ್ಯುತ್ಕ್ರಮಗಳನ್ನು ಕೂಡಿಸುತ್ತಿದ್ದಾಗ ಪೆಂಟಿಯಂ ಪ್ರೊಸೆಸರಿನ ಭಾಗಾಕಾರವೇ ತಪ್ಪೆಂದು ಕಂಡುಹಿಡಿದರು. ಒಳಗಿನ ಕೋಷ್ಟಕವೊಂದರಲ್ಲಿ ಐದು ನಮೂದುಗಳು ಬಿಟ್ಟುಹೋಗಿದ್ದವು. ಇಂಟೆಲ್ ಇದಕ್ಕಾಗಿ 47.5 ಕೋಟಿ ಡಾಲರುಗಳನ್ನು ತೆಗೆದಿಡಬೇಕಾಯಿತು. 2016ರಲ್ಲಿ ಅದೇ ಸಂಸ್ಥೆಯ ಸ್ಕೈಲೇಕ್ ಪ್ರೊಸೆಸರುಗಳು ಕಠಿಣ ಲೆಕ್ಕದ ನಡುವೆ ಸ್ತಬ್ಧವಾಗುತ್ತಿದ್ದುದನ್ನು ಹೊರಗೆಡಹಿದವರು ಪ್ರೈಮ್95 ಓಡಿಸುತ್ತಿದ್ದವರೇ.

ನಮ್ಮ ಮನೆಯ ಪರೀಕ್ಷೆಗೆ ಬರೋಣ. ಬೆಳಗಿನ ಕಾಫಿಯ ಹೊತ್ತಿಗೆ ಪರದೆಯ ಮೇಲೆ ಒಂದು ಸೂಚನೆ ಬಂದಿತ್ತು: ಅಂದಾಜು ದೋಷ 0.4ಕ್ಕಿಂತ ಕಡಿಮೆಯಿರಬೇಕಿತ್ತು, 0.5 ಬಂದಿದೆ. ಈ ತಂತ್ರಾಂಶ ಬೃಹತ್ ಸಂಖ್ಯೆಗಳ ವರ್ಗವನ್ನು ದಶಮಾಂಶಗಳ ಮೂಲಕ ಕಂಡುಹಿಡಿದು ಸಮೀಪದ ಪೂರ್ಣಾಂಕಕ್ಕೆ ಹೊಂದಿಸುತ್ತದೆ. ಎರಡು ಪೂರ್ಣಾಂಕಗಳ ನಟ್ಟನಡುವೆ ಉತ್ತರ ಬಂದು ನಿಂತರೆ ಯಾವ ಕಡೆಗೆ ಹೋಗಬೇಕು? ಎಲ್ಲೋ ತಪ್ಪಾಗಿದೆಯೆಂದೇ ಅರ್ಥ. ಮೊಮ್ಮಗನು ಮೆಮೊರಿ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ಪರೀಕ್ಷಿಸಿದಾಗ, ಎರಡರಲ್ಲಿ ಒಂದು ದೋಷಯುಕ್ತವೆಂದು ತಿಳಿಯಿತು. ಅಂಗಡಿಯವರು ಬದಲಾಯಿಸಿಕೊಟ್ಟರು. ಆಮೇಲೆ ಇಪ್ಪತ್ತನಾಲ್ಕು ಗಂಟೆ ಓಡಿಸಿದರೂ ತಪ್ಪು ಬರಲಿಲ್ಲ.

ನನ್ನನ್ನು ಕಾಡಿದ ವಿಚಾರ ಬೇರೆಯೇ. ಆ ಗಣಕ ಆರಂಭದಿಂದಲೂ ಸರಿಯಾಗಿಯೇ ತೆರೆದುಕೊಳ್ಳುತ್ತಿತ್ತು. ಹಾಡು ಹಾಡುತ್ತಿತ್ತು, ಚಿತ್ರ ತೋರಿಸುತ್ತಿತ್ತು. ಅಂದೇ ನಾನು ನಿಮ್ಮ ಚಿತ್ರಗಳನ್ನು ಅದಕ್ಕೆ ವರ್ಗಾಯಿಸಿ ಹಳೆಯ ತಟ್ಟೆಗಳನ್ನು ಎಸೆದಿದ್ದರೆ, ಎಷ್ಟು ಮುಖಗಳು ಸದ್ದಿಲ್ಲದೆ ಕೆಟ್ಟುಹೋಗುತ್ತಿದ್ದವೋ!

2024ರ ಅಕ್ಟೋಬರಿನಲ್ಲಿ ಇದೇ ಯೋಜನೆಯ ಲ್ಯೂಕ್ ಡ್ಯುರಾಂಟ್ 136279841ನೇ ಘಾತದ ಮರ್ಸೆನ್ ಅವಿಭಾಜ್ಯವನ್ನು ಕಂಡುಹಿಡಿದರು. ಅದರಲ್ಲಿ 41024320 ಅಂಕಿಗಳಿವೆ. ಅದನ್ನೂ ಬೇರೆ ಯಂತ್ರಗಳಲ್ಲಿ, ಬೇರೆ ತಂತ್ರಾಂಶಗಳಿಂದ ತಾಳೆ ನೋಡಿದ ಮೇಲೆಯೇ ಪ್ರಕಟಿಸಿದರು.

ಲೆಕ್ಕ ಮುಗಿಸಿ ಪುಸ್ತಕ ಮುಚ್ಚುವ ಮುನ್ನ ತಾಳೆ ನೋಡಿರೆಂದು ನಾನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನಲ್ಲಿ ಆಕಳಿಸುತ್ತಿದ್ದ ಕೆಲವರು ಈಗ ಇದನ್ನು ಓದುತ್ತಿರುವಿರಿ. ನಿಮ್ಮ ಮನೆಗೆ ಹೊಸ ಗಣಕ ಬಂದರೆ, ಮಕ್ಕಳ ಚಿತ್ರಗಳನ್ನು ಅದಕ್ಕೆ ಒಪ್ಪಿಸುವ ಮುನ್ನ ಒಂದು ರಾತ್ರಿ ಕಾಯಿರಿ.